ಚಾಲೂ ಇಟ್ಟ ಗಾಡಿ

ನವಲಗುಂದ ಬಸ್‌ಸ್ಟ್ಯಾಂಡಿನ ಎದುರು ಮಡಿವಾಳೆಪ್ಪನ ಹೋಟೆಲ್ಲಿತ್ತು. ಅಲ್ಲಿ ದಿನಾ ಚಹಾ ಕುಡಿಯುವ ಮಂದಿಗೆ ತಮ್ಮ ತಹಶೀಲ್ದಾರರ ಹೆಸರು ಗೊತ್ತಿತ್ತೋ ಇಲ್ಲವೋ, ಸಮುದ್ರದಾಚೆಯ ಒಂದು ಅರಬ್ ದೇಶದ ಮಂತ್ರಿಮಂಡಳದಲ್ಲಿ ಯಾರು ಕೂತರು, ಯಾರು ಎದ್ದರು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಕಾರಣ ಡ್ರೈವರ್ ಜಹೀರುದ್ದೀನ. ಅವನು ಎಡಗಾಲನ್ನು ಸ್ವಲ್ಪ ಎಳೆಯುತ್ತ ಬಂದು ಗಲ್ಲಾಪೆಟ್ಟಿಗೆಯ ಬಾಜೂಕಿನ ಮರದ ಬಾಕಿನ ಮೇಲೆ ಕೂತನೆಂದರೆ ಮಡಿವಾಳೆಪ್ಪ ಕೇಳದೆಯೇ ಚಹಾ ತಂದಿಡುತ್ತಿದ್ದ. ಚಹಾದ ಬೆನ್ನಿಗೇ ಕಥೆ ಬರುತ್ತಿತ್ತು. ಸಂತೆಗೆ ಬಂದವರು ಹುಬ್ಬಳ್ಳಿ ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

ಆ ದೇಶದ ಹೆಸರನ್ನು ಜಹೀರುದ್ದೀನ ಗಂಟಲಿನ ತಳದಿಂದ ಎಬ್ಬಿಸಿ ಹೇಳುತ್ತಿದ್ದ. ಉಳಿದವರಿಗೆ ಅದು ಬಾಯಿಗೆ ಹತ್ತಲಿಲ್ಲ. ಅವರು ‘ಬಂದರದ ದೇಶ’ ಎಂದು ಕರೆದು ಕೈತೊಳೆದುಕೊಂಡರು. ನಾವೂ ಹಾಗೇ ಕರೆಯೋಣ. ಹೆಸರು ಯಾವುದಾದರೇನು, ಆಗ ಹೊಸದಾಗಿ ಸ್ವತಂತ್ರವಾದ ದೇಶಗಳ ಹಣೆಬರಹ ಹೆಚ್ಚುಕಡಿಮೆ ಒಂದೇ ಕೈಯಲ್ಲಿ ಬರೆದಂತಿತ್ತು.

ಜಹೀರುದ್ದೀನನ ಮನೆತನ ಜಮಖಾನೆ ನೇಯುವವರದು. ನೇಯುವವರು ಎಂದರೆ ಹೆಂಗಸರು. ನವಲಗುಂದದ ಜಮಖಾನೆಗೆ ಗಂಡಸರ ಕೈ ಹತ್ತುವುದಿಲ್ಲ. ನಡುಮನೆಯಲ್ಲಿ ಗೋಡೆಯ ಹಾಗೆ ನಿಲ್ಲಿಸಿದ ಮಗ್ಗದ ಮುಂದೆ ಇಬ್ಬರು ಹೆಂಗಸರು ಜೋಡಿಯಾಗಿ ಕೂತು, ಬಣ್ಣದ ನೂಲು ಹೆಣೆದು, ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ಬಡಿದು ಬಡಿದು ನವಿಲು, ಗಿಳಿ, ಪಗಡೆಯ ಮನೆ ಎಬ್ಬಿಸುತ್ತಾರೆ. ಗಂಡಸರು ಅದನ್ನು ಹೆಗಲ ಮೇಲೆ ಹೊತ್ತು ಮಾರಲು ಹೋಗಬೇಕು, ಇಲ್ಲವೇ ಊರು ಬಿಡಬೇಕು. ಜಹೀರುದ್ದೀನನಿಗೆ ಹೊರುವುದು ಬೇಡವಾಗಿತ್ತು. ಹುಬ್ಬಳ್ಳಿಯಲ್ಲಿ ಲಾರಿ ತೊಳೆದು, ಬೊಂಬಾಯಿಯಲ್ಲಿ ಲಾರಿ ಓಡಿಸಿ, ಐವತ್ತರ ದಶಕದಲ್ಲಿ ಹಡಗು ಹತ್ತಿದ.

ಆಗ ಬಂದರದ ದೇಶ ಇಂಗ್ಲಿಷರ ಕೈಯಲ್ಲಿತ್ತು. ಅಲ್ಲಿನ ಹಡಗು ಕಂಪನಿಯೊಂದರಲ್ಲಿ ಅವನಿಗೆ ಲಾರಿ ಕೊಟ್ಟರು. ಒಂದು ದಿನ ಹಮಾಲರು ಹರತಾಳ ಹೂಡಿ ಬಂದರದ ಬಾಗಿಲಲ್ಲಿ ಕೂತರು. ಸಾಹೇಬ ಬಂದು ‘ಅವರ ಮೇಲೆಯೇ ನಡೆಸು’ ಎಂದ. ಜಹೀರುದ್ದೀನ ಗಿಯರ್ ಹಾಕಿದ. ಅಷ್ಟರಲ್ಲಿ ಕನ್ನಡಕ ಹಾಕಿದ ಒಬ್ಬ ಸಣಕಲ ವಕೀಲ ಎದ್ದುಬಂದು ಲಾರಿಯ ಮುಂದೆ ನಿಂತ. ಕೂಗಲಿಲ್ಲ, ಕೈಯೆತ್ತಲಿಲ್ಲ, ಸುಮ್ಮನೆ ನಿಂತ. ಜಹೀರುದ್ದೀನ ಎಂಜಿನ್ ಬಂದ್ ಮಾಡಿ ಕೀಲಿಕೈಯನ್ನು ಸಾಹೇಬನ ಮುಂದೆ ಒಗೆದ.

ಆ ವಕೀಲನೇ ಲುತ್ಫಿ ಹಮ್ದಾನ್. ಅಲ್ಲಿಯವರು ಓದಿದವರನ್ನು ಉಸ್ತಾದ್ ಎಂದು ಕರೆಯುತ್ತಾರೆ. ಇಡೀ ದೇಶಕ್ಕೆ ಅವನು ಉಸ್ತಾದ್. ಕುಂದಗೋಳದ ಕಡೆಯ ಒಬ್ಬ ಸಂಗೀತಪ್ರೇಮಿ ಗಿರಾಕಿ ಹೋಟೆಲ್ಲಿನಲ್ಲಿ ಈ ಹೆಸರು ಕೇಳಿ, “ಯಾವ ಘರಾಣೆ ಅವರದು?” ಎಂದು ಕೇಳಿದ್ದನಂತೆ. ಕೆಲಸ ಕಳಕೊಂಡ ಜಹೀರುದ್ದೀನನನ್ನು ಉಸ್ತಾದ್ ತನ್ನ ಹಳೆಯ ಕಾರಿಗೆ ಕೂರಿಸಿಕೊಂಡ. “ಇನ್ನು ಮೇಲೆ ನೀನು ಎಂಜಿನ್ ಬಂದ್ ಮಾಡಬೇಡ. ನಮಗೆ ಯಾವಾಗ ಓಡಬೇಕಾಗುತ್ತದೋ ಗೊತ್ತಿಲ್ಲ” ಎಂದು ಹೇಳಿ ನಕ್ಕನಂತೆ. ಜಹೀರುದ್ದೀನ ಈ ಮಾತನ್ನು ನಗೆಯೆಂದು ತಿಳಿಯಲಿಲ್ಲ, ಅಪ್ಪಣೆ ಎಂದು ತಿಳಿದ.

ಹೋಟೆಲ್ಲಿನಲ್ಲಿ ಎಲ್ಲರೂ ಬೇಡಿ ಬೇಡಿ ಹೇಳಿಸುತ್ತಿದ್ದದ್ದು ಕೋಟಿನ ಕಥೆ.

“ಇಂಗ್ಲಿಷರು ಉಸ್ತಾದರನ್ನ ಹಿಡೀಲಿಕ್ಕೆ ಓಣಿ ಓಣಿಗೆ ಫೌಜು ನಿಲ್ಲಿಸಿದ್ರು,” ಎಂದು ಶುರು ಮಾಡುತ್ತಿದ್ದ ಜಹೀರುದ್ದೀನ. “ನಾವೊಂದು ಮನಿಯಾಗ ಅಡಗಿದ್ವಿ. ಉಸ್ತಾದ್ ನನ್ನ ಕರದು ತಮ್ಮ ಕೋಟ್ ಬಿಚ್ಚಿದ್ರು. ‘ಜಹೀರ್, ಹೊರಗ ಥಂಡಿ ಐತಿ, ಇದನ್ನ ಹಾಕ್ಕೊ. ಗಾಡಿ ಚಾಲೂ ಇಟಗೊಂಡು ಮುಂದಿನ ಬಾಗಲದಾಗ ನಿಂದ್ರು. ನಾ ಬರತೇನಿ’ ಅಂದ್ರು. ಅವರ ಕೋಟ್ರೀ! ಅಂಥಾ ಮನಶಾ ತನ್ನ ಮೈಮ್ಯಾಲಿನ ಕೋಟ್ ಬಿಚ್ಚಿ ಡ್ರೈವರಗ ಕೊಡಬೇಕಂದ್ರ...”

“ಅಲ್ಲೋ ಜಹೀರಾ,” ಎಂದು ಮಡಿವಾಳೆಪ್ಪ ಇಲ್ಲಿ ಪ್ರತಿ ಸಲ ಬಾಯಿ ಹಾಕುತ್ತಿದ್ದ. “ನಮ್ಮ ಬ್ಯಾಸಗಿಕಿಂತಾ ಉರಿ ಆ ಊರು ಅಂತೀ. ಥಂಡಿ ಎಲ್ಲಿಂದ ಬಂತು?”

“ಏ, ನೀ ಚಹಾ ಕುದಸು. ಕಥಿ ಕೆಡಸಬ್ಯಾಡ.”

ಮಂದಿ ನಗುತ್ತಿದ್ದರು. ಕಥೆ ಮುಂದೆ ಸಾಗುತ್ತಿತ್ತು. ಫೌಜಿನವರು ಕೋಟು ನೋಡಿ ಇವನೇ ಲುತ್ಫಿ ಹಮ್ದಾನ್ ಎಂದು ಮುತ್ತಿಕೊಂಡರು. ಅಷ್ಟರಲ್ಲಿ ಉಸ್ತಾದ್ ಹಿಂದಿನ ಗೋಡೆ ಜಿಗಿದು, ದೋಣಿ ಹತ್ತಿ ಪಾರಾದ. ತಪ್ಪು ಮನುಷ್ಯನನ್ನು ಹಿಡಿದ ಸಿಟ್ಟಿಗೆ ಸಿಪಾಯಿಗಳು ಜಹೀರುದ್ದೀನನ ಎಡಗಾಲಿನ ಗಿಣ್ಣು ಮುರಿದರು. ಅವನು ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಜೇಲಿನಲ್ಲಿದ್ದ. ಕಥೆ ಇಲ್ಲಿಗೆ ಬಂದಾಗ ಅವನು ಎದ್ದು ನಿಂತು ಆ ಕಾಲನ್ನು ಬಾಕಿನ ಮೇಲಿಟ್ಟು ತೋರಿಸುತ್ತಿದ್ದ. “ಒಂದು ದೇಶದ ಸ್ವಾತಂತ್ರ್ಯಕ್ಕ ನವಲಗುಂದದ್ದೂ ಒಂದು ಎಲುವು ಸಂದಾಯ ಆಗೇತ್ರಿ.” ಇದನ್ನು ಕೇಳಿದ ಯಾರಿಗೂ ಇದು ಬಡಾಯಿ ಅನ್ನಿಸುತ್ತಿರಲಿಲ್ಲ. ಕಾಲು ಎದುರಿಗೇ ಇತ್ತಲ್ಲ.

ಅರವತ್ತರ ದಶಕದ ಕೊನೆಗೆ ಇಂಗ್ಲಿಷರು ಗಂಟುಮೂಟೆ ಕಟ್ಟಿದರು. ಉಸ್ತಾದ್ ಪರದೇಶದಿಂದ ಮರಳಿ ಬಂದು ಬಂದರದಲ್ಲಿ ಇಳಿದಾಗ ಜನ ಅವನನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಆ ಜಾತ್ರೆಯಲ್ಲೂ ಅವನು ಕುಂಟುತ್ತಿದ್ದ ಒಬ್ಬನನ್ನು ಗುರುತು ಹಿಡಿದು, ಹೆಗಲ ಮೇಲಿಂದಲೇ “ಜಹೀರ್, ಗಾಡಿ ಎಲ್ಲಿ?” ಎಂದು ಕೂಗಿದ. ಆ ಒಂದು ಕೂಗಿಗೆ ಜಹೀರುದ್ದೀನ ಮುರಿದ ಕಾಲನ್ನೂ ಜೇಲಿನ ತಿಂಗಳುಗಳನ್ನೂ ಮರೆತುಬಿಟ್ಟ. ಪ್ರೀತಿ ಅಂದರೆ ಹೀಗೇ, ಅದಕ್ಕೆ ಒಂದು ಕರೆ ಸಾಕಾಗಿಬಿಡುತ್ತದೆ.

ಉಸ್ತಾದ್ ಗೃಹಮಂತ್ರಿಯಾದ. ಹಡಗು ಕಂಪನಿಗಳನ್ನು ಸರ್ಕಾರಕ್ಕೆ ಬರೆಸಿಕೊಂಡ, ಹಮಾಲರ ಮಕ್ಕಳಿಗೆ ಶಾಲೆ ತೆರೆದ. ಜಹೀರುದ್ದೀನ ರಜೆಗೆ ಊರಿಗೆ ಬಂದಾಗ ಹೆಂಡತಿ ಹಲೀಮಾಬಿ ಎರಡು ನವಿಲುಗಳ ಕೆಂಪು ಜಮಖಾನೆ ನೇಯ್ದು ಕಳಿಸಿದಳು. ಮಂತ್ರಿ ಅದನ್ನು ತನ್ನ ಕಚೇರಿಯಲ್ಲಿ ಹಾಸಿದ. ಪರದೇಶದ ರಾಯಭಾರಿಗಳು ಅದರ ಮೇಲೆ ಬೂಟುಗಾಲಿಟ್ಟು ನಿಂತ ಫೋಟೋ ಜಹೀರುದ್ದೀನನ ಮನೆಯ ಗೋಡೆಯ ಮೇಲೆ ಬಂತು. ಹಲೀಮಾಬಿ ಅದನ್ನು ನೋಡಿ, “ನವಿಲಿನ ಮಾರಿ ಮ್ಯಾಲೇ ಕಾಲು ಇಟ್ಟಾರಲ್ಲ” ಎಂದಳು, ಅಷ್ಟೇ.

ಹೋಟೆಲ್ಲಿನಲ್ಲಿ ಜಹೀರುದ್ದೀನ ಹೇಳದ ಭಾಗವೂ ಒಂದಿತ್ತು. ಮಂತ್ರಿಯಾದ ನಾಲ್ಕಾರು ವರ್ಷಕ್ಕೆ ಪಕ್ಷದೊಳಗೆ ಎರಡು ಗುಂಪಾದವು. ಉಸ್ತಾದನ ಹಳೆಯ ಗೆಳೆಯನೊಬ್ಬ ಶಾಲೆಯ ಮಾಸ್ತರ. ಇಂಗ್ಲಿಷರ ಕಾಲದಲ್ಲಿ ಇಬ್ಬರೂ ಒಂದೇ ತಾಟಿನಲ್ಲಿ ಉಂಡವರು. ಒಂದು ಮಧ್ಯಾಹ್ನ ಆ ಮಾಸ್ತರನನ್ನು ಕೋಟೆಯ ಜೇಲಿಗೆ ಒಯ್ದು ಬಿಡುವ ಕೆಲಸ ಜಹೀರುದ್ದೀನನ ಪಾಲಿಗೆ ಬಂತು. ಹಿಂದಿನ ಸೀಟಿನಿಂದ ಮಾಸ್ತರ ಕೇಳಿದ: “ಜಹೀರ್, ನಿನಗೆ ಅವನು ಏನು ಹೇಳಿ ಕಳಿಸಿದ?” ಜಹೀರುದ್ದೀನ ಕನ್ನಡಿ ನೋಡದೆ ಉತ್ತರ ಕೊಟ್ಟ: “ಗಾಡಿ ನಿಲ್ಲಿಸಬೇಡ ಅಂದಿದ್ದಾರೆ.” ಮಾಸ್ತರ ಆ ಕೋಟೆಯಿಂದ ಹೊರಗೆ ಬರಲಿಲ್ಲ. ಜಹೀರುದ್ದೀನ ಅದನ್ನು ದೊಡ್ಡವರ ಸಂಗತಿ ಎಂದು ಮನಸ್ಸಿನ ಮೂಲೆಗೆ ತಳ್ಳಿದ. ಡ್ರೈವರನಾದವನು ರಸ್ತೆ ನೋಡಬೇಕು, ಹಿಂದಿನ ಸೀಟು ನೋಡಬಾರದು ಎಂಬುದು ಅವನ ಧರ್ಮ. ಎಂಥ ಸುಖದ ಧರ್ಮ ಅದು!

ಮುಂದೆ ಉಸ್ತಾದನ ಗ್ರಹಗತಿಯೇ ತಿರುಗಿತು. ಎದುರು ಗುಂಪು ಮೇಲಾಗಿ ಅವನನ್ನು ಮನೆಯಲ್ಲೇ ಕೂಡಿಹಾಕಿತು. ಗಾಡಿ ಕಸಿದುಕೊಂಡ ಮೇಲೆ ಡ್ರೈವರನಿಗೇನು ಕೆಲಸ? ಎಪ್ಪತ್ತೊಂಬತ್ತರಲ್ಲಿ ಜಹೀರುದ್ದೀನ ಒಂದು ಟ್ರಂಕು, ಒಂದು ರೇಡಿಯೋ ಹಿಡಿದು ನವಲಗುಂದಕ್ಕೆ ಬಂದ. ಆದರೆ ರಾಜಕೀಯದವರ ಆಯುಷ್ಯ ಗಟ್ಟಿ. ಎರಡೇ ವರ್ಷದಲ್ಲಿ ಉಸ್ತಾದ್ ಮತ್ತೆ ಎದ್ದ, ಈ ಸಲ ಉಪಾಧ್ಯಕ್ಷನಾಗಿ. ಹಡಗಿನವರ ಬಾಯಲ್ಲಿ ಹೇಳಿ ಕಳಿಸಿದ: ‘ನೀನು ಬರಲಾರೆ, ಗೊತ್ತು. ನಿನ್ನಂಥ ಒಬ್ಬನನ್ನು ಕಳಿಸು. ಇಲ್ಲಿಯ ಯಾರ ಮೇಲೂ ನನಗೆ ನಂಬಿಕೆಯಿಲ್ಲ.’

ನಿನ್ನಂಥ ಒಬ್ಬ! ಜಹೀರುದ್ದೀನ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಅವನಂಥ ಒಬ್ಬ ಹೋಟೆಲ್ಲಿನಲ್ಲೇ ಸಿಕ್ಕಿದ್ದ. ಅಣ್ಣಿಗೇರಿಯ ಮಾಬುಸಾಬ, ತಂದೆತಾಯಿ ಇಲ್ಲದ ಹುಡುಗ, ಅಣ್ಣಂದಿರ ಮನೆಯಲ್ಲಿ ಬೆಳೆದು ಹತ್ತಿಯ ಅಂಡಿಗೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಕೋಟಿನ ಕಥೆಯನ್ನು ಎಷ್ಟು ಸಲ ಕೇಳಿದರೂ ದಣಿಯದವನು ಅವನೊಬ್ಬನೇ. ಮಡಿವಾಳೆಪ್ಪ ಥಂಡಿಯ ಮಾತು ತೆಗೆದರೆ ಅವನಿಗೆ ಸಿಟ್ಟು ಬರುತ್ತಿತ್ತು. ಕಥೆ ಕೇಳುತ್ತ ಕೇಳುತ್ತಲೇ ಜಹೀರುದ್ದೀನನ ಒಬ್ಬಳೇ ಮಗಳು ಶರೀಫಾಬಿಯನ್ನು ನಿಕಾಹ್ ಮಾಡಿಕೊಂಡ. ಕೈಗೆ ಹಚ್ಚಿದ ಮದರಂಗಿ ಮಾಸುವ ಮೊದಲೇ ಮಾವ ಅವನನ್ನು ಬಂದರದ ದೇಶಕ್ಕೆ ಹೊರಡಿಸಿದ.

“ಹಗ್ಗ ಕಾಣದ ಬಾವಿಗೆ ಹುಡುಗನ್ನ ಇಳಸಬ್ಯಾಡ್ರಿ,” ಎಂದಳು ಹಲೀಮಾಬಿ.

“ಹಗ್ಗ ನನ್ನ ಕೈಯಾಗ ಐತಿ. ಉಸ್ತಾದ್ ಇರೂತನಾ ಅವಗ ಏನ ಆಗತೈತಿ?”

ಬಸ್‌ಸ್ಟ್ಯಾಂಡಿನಲ್ಲಿ, ಹುಬ್ಬಳ್ಳಿ ಬಸ್ಸಿನ ಕಿಟಕಿ ಹಿಡಿದು, ಜಹೀರುದ್ದೀನ ಅಳಿಯನಿಗೆ ಕೊನೆಯ ಬುದ್ಧಿಮಾತು ಹೇಳಿದ. ಹೋಟೆಲ್ಲಿನ ಮಂದಿಯೆಲ್ಲ ನಿಂತು ಕೇಳಿದರು. “ಉಸ್ತಾದ್ ಇಳಿ ಅನ್ನೂತನಕಾ ಗಾಡಿ ಬಿಟ್ಟು ಇಳೀಬ್ಯಾಡ. ಎಂಜಿನ್ ಬಂದ್ ಮಾಡಬ್ಯಾಡ. ನಿನ್ನ ಕಡಿಂದ ನನಗ ಇಷ್ಟ ಬೇಕು.” ಮಾಬುಸಾಬ ಎದೆಯ ಮೇಲೆ ಕೈಯಿಟ್ಟು, “ಹೌದ್ರಿ ಮಾಮಾ” ಎಂದ.

ಗಂಡ ದೂರದಲ್ಲಿದ್ದುದರಿಂದ ಶರೀಫಾಬಿ ತವರಿನಲ್ಲೇ ಇದ್ದಳು. ಆ ಮನೆಯಲ್ಲಿ ಅವಳಿಗೆ ಚಿಕ್ಕಂದಿನಿಂದ ಒಂದೇ ಒಂದು ಹಟ, ಮಗ್ಗದ ಮುಂದೆ ಕೂರಬೇಕು. ಅದೊಂದನ್ನೇ ಹಲೀಮಾಬಿ ನಡೆಸಿಕೊಟ್ಟಿರಲಿಲ್ಲ. ನವಲಗುಂದದ ನೇಯುವ ಮನೆಗಳಲ್ಲಿ ಹೆಣ್ಣುಮಗಳಿಗೆ ಮಗ್ಗ ಕಲಿಸುವುದಿಲ್ಲ. ಅವಳು ನಾಳೆ ಗಂಡನ ಮನೆಗೆ ಹೋಗುವವಳು. ಅವಳ ಕೈಯ ಜೊತೆ ವಿದ್ಯೆಯೂ ಬೇರೆ ಊರಿಗೆ ಹೋಗುತ್ತದೆ. ಆದ್ದರಿಂದ ಕಲಿಸುವುದು ಸೊಸೆಗೆ. ಎಲ್ಲಿಂದಲೋ ಬಂದ ಸೊಸೆ ಮನೆಯ ಗುಟ್ಟು ಕಲಿಯುತ್ತಾಳೆ, ಮಡಿಲಲ್ಲಿ ಬೆಳೆದ ಮಗಳು ಬಾಗಿಲ ಹೊರಗೆ ನಿಲ್ಲುತ್ತಾಳೆ. ಹಲೀಮಾಬಿಗೆ ಗಂಡುಮಗನಿಲ್ಲ, ಸೊಸೆಯೂ ಇಲ್ಲ. ಆದರೂ ರಿವಾಜು ರಿವಾಜೇ. ಶರೀಫಾ ಏಳು ವರ್ಷದವಳಿದ್ದಾಗ ಒಮ್ಮೆ ಗುಟ್ಟಾಗಿ ಪಂಜಾ ಎತ್ತಿದ್ದಕ್ಕೆ ತಾಯಿ ಕೈಮೇಲೆ ಬಾರಿಸಿದ್ದಳು. “ಪರರ ಮನಿ ಬೆಳಗೂ ಕೈಯಿದು. ಇದಕ್ಕ ಮಗ್ಗ ಯಾಕ?” ಹುಡುಗಿ ದಿನವಿಡೀ ಅತ್ತಿದ್ದಳು.

ಹಲೀಮಾಬಿಯ ಜೋಡಿಗೆ ಕೂತು ನೇಯುತ್ತಿದ್ದವಳು ಅವಳ ನೆಗೆಣ್ಣಿ, ಅಂದರೆ ಓರಗಿತ್ತಿ, ಫಾತಿಮಾಬಿ. ಎಂಬತ್ತೈದರ ಹೊತ್ತಿಗೆ ಅವಳ ಕಣ್ಣಿಗೆ ಪೊರೆ ಬಂದು ಕೆಂಪು ಯಾವುದು, ಕಪ್ಪು ಯಾವುದು ತಿಳಿಯದಾಗಿ ಮನೆಯಲ್ಲಿ ಕೂತಳು. ಅವಳ ಮಣೆ ಖಾಲಿಯಾಯಿತು. ಹಲೀಮಾಬಿ ಅಗಲದ ಜಮಖಾನೆ ಬಿಟ್ಟು, ಒಬ್ಬಳೇ ನೇಯಬಹುದಾದ ಸಣ್ಣ ನಮಾಜಿನ ಹಾಸು ಹಿಡಿದಳು. ಮಗಳು ಕಾಳು ಆರಿಸುತ್ತ ಆ ಖಾಲಿ ಮಣೆಯನ್ನು ನೋಡುವುದನ್ನು ಅವಳು ಕಂಡೂ ಕಾಣದಂತಿದ್ದಳು.

ಅದೇ ವರ್ಷ ಮಾಬುಸಾಬ ರಜೆಗೆ ಬಂದ. ಮೈ ತುಂಬಿತ್ತು. ಶರೀಫಾಗೆ ಗಾಜಿನ ಬಳೆ, ಅತ್ತೆಗೆ ಕನ್ನಡಕ, ಮಾವನಿಗೆ ಉಸ್ತಾದನ ಸಲಾಮು ತಂದಿದ್ದ. ಊಟಕ್ಕೆ ಕೂತಾಗ ಅವನು ಸುಮ್ಮನೆ ಎಂಬಂತೆ ಹೇಳಿದ: “ಉಸ್ತಾದ್ ಈಗ ಭಾಳ ಅಂಜತಾರ್ರಿ ಮಾಮಾ. ಝೆಂಡಾ ಕಟ್ಟಿದ ಗಾಡಿ ಮುಂದಿನ ಬಾಗಲಕ ನಿಲ್ಲಿಸಿ ನನ್ನ ಕೂಡಸ್ತಾರ. ತಾವು ಹಿಂದಿನ ಬಾಗಲದಿಂದ ಬ್ಯಾರೆ ಗಾಡ್ಯಾಗ ಹೋಗ್ತಾರ.”

“ದೊಡ್ಡವರಿಗೆ ವೈರಿಗಳು ಇರತಾರಪಾ,” ಎಂದ ಜಹೀರುದ್ದೀನ. “ನಿನ್ನ ಮ್ಯಾಲೆ ಎಷ್ಟ ವಿಶ್ವಾಸ ನೋಡು!”

ಹಲೀಮಾಬಿ ರೊಟ್ಟಿ ಬಡಿಸುವ ಕೈ ತಡೆದು ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ. ಮುಂದಿನ ರಜೆಗೆ ಶರೀಫಾಳನ್ನು ಅಣ್ಣಿಗೇರಿಗೆ ಕರೆದೊಯ್ದು ಬೇರೆ ಮನೆ ಹೂಡುವುದೆಂದು ಹೇಳಿ ಮಾಬುಸಾಬ ಹೊರಟುಹೋದ. ಶರೀಫಾ ಆ ಮನೆಗೆಂದು ಹಿತ್ತಾಳೆಯ ಒಂದೊಂದೇ ಪಾತ್ರೆ ಕೂಡಿಸತೊಡಗಿದಳು.

ಎಂಬತ್ತಾರರ ಜನವರಿಯಲ್ಲಿ ಬಂದರದ ದೇಶದಲ್ಲಿ ಗುಂಡು ಹಾರಿತು. ಇಂಗ್ಲಿಷರೂ ಇಲ್ಲ, ಪರದೇಶದ ಫೌಜೂ ಇಲ್ಲ; ಸ್ವಾತಂತ್ರ್ಯಕ್ಕಾಗಿ ಕೂಡಿ ಹೊಡೆದಾಡಿದವರೇ ಈಗ ಒಬ್ಬರ ಮೇಲೊಬ್ಬರು ತೋಪು ತಿರುಗಿಸಿದ್ದರು. ಜಹೀರುದ್ದೀನ ರೇಡಿಯೋದ ಮುಂದಿನಿಂದ ಏಳಲಿಲ್ಲ. ಅರಬ್ಬಿ ಸುದ್ದಿ ಬಂದೊಡನೆ ಶರೀಫಾ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ರೇಡಿಯೋ ಉಪಾಧ್ಯಕ್ಷನ ಹೆಸರು ಹೇಳುತ್ತಿತ್ತು, ಸೇನಾಪತಿಯ ಹೆಸರು ಹೇಳುತ್ತಿತ್ತು.

“ಅಬ್ಬಾ, ಅವರ ಹೆಸರು ಬಂತೇನು?” ಎಂದು ಅವಳು ಕೇಳಿದಳು ಒಂದು ಸಂಜೆ.

“ಡ್ರೈವರ ಹೆಸರು ರೇಡಿಯೋದಾಗ ಬರಂಗಿಲ್ಲವಾ.” ಹೇಳಿದ ಮೇಲೆ ಆ ಮಾತು ಅವನಿಗೇ ಚುಚ್ಚಿತು. ಇಷ್ಟು ವರ್ಷ ಅದನ್ನು ಅವನು ಯೋಚಿಸಿರಲೇ ಇಲ್ಲ.

ಹಡಗುಗಳು ಪರದೇಶದ ಕೆಲಸಗಾರರನ್ನು ತುಂಬಿಕೊಂಡು ಹೊರಟವೆಂದು ಸುದ್ದಿ ಬಂತು. ಬೊಂಬಾಯಿಯಲ್ಲಿದ್ದ ನೆಂಟರು ಬಂದರಕ್ಕೆ ಹೋಗಿ ನೋಡಿದರು. ಮಾಬುಸಾಬ ಇಳಿಯಲಿಲ್ಲ. ಹೋಟೆಲ್ಲಿಗೆ ಜಹೀರುದ್ದೀನ ಹೋದರೆ ಮಡಿವಾಳೆಪ್ಪ ಚಹಾ ತಂದಿಟ್ಟು ಸುಮ್ಮನೆ ಬಾಜೂಕೆ ಕೂರುತ್ತಿದ್ದ. ಕೋಟಿನ ಕಥೆ ಹೇಳೆಂದು ಯಾರೂ ಬೇಡಲಿಲ್ಲ.

ಫೆಬ್ರುವರಿಯಲ್ಲಿ ಒಂದು ಸಂಜೆ ರೇಡಿಯೋದಲ್ಲಿ ಉಸ್ತಾದನ ದನಿಯೇ ಕೇಳಿತು. ಅವನು ಸೋತು, ಪಕ್ಕದ ದೇಶದ ರಾಜಧಾನಿಗೆ ಪಾರಾಗಿ ಆಶ್ರಯ ಪಡೆದಿದ್ದ. ಅದೇ ತಗ್ಗು ದನಿ, ವಯಸ್ಸಾಗಿತ್ತು, ನಡುಗುತ್ತಿರಲಿಲ್ಲ. ಸುದ್ದಿಗಾರ ಏನೋ ಕೇಳಿದ. ಉಸ್ತಾದ್ ಉತ್ತರ ಕೊಟ್ಟ. ಜಹೀರುದ್ದೀನ ರೇಡಿಯೋಕ್ಕೆ ಕಿವಿ ಹಚ್ಚಿದವನು ಹಾಗೇ ಕೂತುಬಿಟ್ಟ.

“ಏನಂದ್ರು ಅಬ್ಬಾ? ಏನಂದ್ರು?”

ಜಹೀರುದ್ದೀನ ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. “ನನ್ನ ಮಂದಿ ಎಲ್ಲಾರೂ ನನ್ನ ಜೋಡಿ ಪಾರಾಗಿ ಬಂದಾರ. ಒಬ್ಬನ್ನೂ ನಾ ಕಳಕೊಂಡಿಲ್ಲ, ಅಂದ್ರು.”

ಶರೀಫಾ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು. ಆಮೇಲೆ ಅಳುತ್ತ ನಗುತ್ತ ಓಣಿಯ ಮನೆಮನೆಗೆ ಸಕ್ಕರೆ ಹಂಚಿ ಬಂದಳು. ಮಡಿವಾಳೆಪ್ಪನೂ ಆ ಸಂಜೆ ಗಿರಾಕಿಗಳಿಗೆಲ್ಲ ಪುಗಸಟ್ಟೆ ಚಹಾ ಕುಡಿಸಿದ. ಜಹೀರುದ್ದೀನನ ಬಾಯಿಗೆ ಮಾತ್ರ ಸಕ್ಕರೆ ಹತ್ತಲಿಲ್ಲ. ‘ಎಲ್ಲಾರೂ’ ಎಂದರೆ ಯಾರು ಯಾರು? ಇಪ್ಪತ್ತು ವರ್ಷದ ಹಿಂದೆ ಉಸ್ತಾದ್ ಪರದೇಶಕ್ಕೆ ಪಾರಾದಾಗಲೂ ಹೀಗೇ ರೇಡಿಯೋದಲ್ಲಿ ಮಾತಾಡಿದ್ದ, ‘ನಮ್ಮಲ್ಲಿ ಒಬ್ಬನೂ ಇಂಗ್ಲಿಷರ ಕೈಗೆ ಸಿಗಲಿಲ್ಲ’ ಎಂದು. ಜೇಲಿನಲ್ಲಿ, ಮುರಿದ ಕಾಲಿಗೆ ಚಿಂದಿ ಸುತ್ತಿಕೊಂಡು ಕೂತ ಜಹೀರುದ್ದೀನ ಆ ಸುದ್ದಿಯನ್ನು ಕಾವಲುಗಾರನ ಬಾಯಿಂದ ಕೇಳಿ ಕುಣಿದಾಡುವಷ್ಟು ಖುಷಿಪಟ್ಟಿದ್ದ. ಆ ‘ಒಬ್ಬನೂ’ ಎಂಬುದರಲ್ಲಿ ತಾನಿಲ್ಲವೆಂದು ಆಗ ಹೊಳೆದಿರಲಿಲ್ಲ. ಈಗ ಹೊಳೆಯಿತು. ಹೊಳೆದದ್ದನ್ನು ಮಗಳಿಗೆ ಹೇಳಲು ಅವನಿಗೆ ಧೈರ್ಯವಾಗಲಿಲ್ಲ.

ಯುಗಾದಿಯ ಸುಮಾರಿಗೆ ಕುಂದಗೋಳದ ರಾಮಪ್ಪ ತನ್ನ ಊರಿಗೆ ಮರಳಿ ಬಂದಿದ್ದಾನೆಂದು ಮಡಿವಾಳೆಪ್ಪ ಸುದ್ದಿ ತಂದ. ರಾಮಪ್ಪ ಬಂದರದ ದೇಶದಲ್ಲಿ ಕ್ರೇನಿನ ಫಿಟ್ಟರ್. ಜಹೀರುದ್ದೀನನ ಹಳೆಯ ಪರಿಚಯ. ಅಲ್ಲಿ ಜೋಳದ ಹಿಟ್ಟು ಸಿಕ್ಕರೆ ಇಬ್ಬರೂ ಕೂಡಿ ರೊಟ್ಟಿ ಬಡಿದು ಉಂಡವರು. ಜಹೀರುದ್ದೀನ ಯಾರಿಗೂ ಹೇಳದೆ ಬಸ್ಸು ಹತ್ತಿ ಹುಬ್ಬಳ್ಳಿಗೆ, ಅಲ್ಲಿಂದ ಕುಂದಗೋಳಕ್ಕೆ ಹೋದ. ರಾಮಪ್ಪ ಅವನನ್ನು ಕಂಡೊಡನೆ ಕಟ್ಟೆಯಿಂದ ಎದ್ದ, ಕೈ ಹಿಡಿದುಕೊಂಡ, ಬಿಡಲಿಲ್ಲ. ಆ ಹಿಡಿತದಲ್ಲೇ ಅರ್ಧ ಸುದ್ದಿಯಿತ್ತು.

“ಹೇಳೋ ರಾಮಪ್ಪ. ನಾ ಕೇಳಲಿಕ್ಕೇ ಬಂದೇನಿ.”

ರಾಮಪ್ಪ ಅವನನ್ನು ಕಟ್ಟೆಯ ಮೇಲೆ ಕೂರಿಸಿದ. “ಲಡಾಯಿ ಸುರು ಆದ ಮುಂಜಾನಿ ಉಸ್ತಾದನ ಮನಿ ಮುಂದ ಝೆಂಡಾದ ಗಾಡಿ ನಿಂತಿತ್ತು. ಎಂಜಿನ್ ಚಾಲೂ ಇತ್ತು. ನಮ್ಮ ವರ್ಕಶಾಪ್ ಎದುರಿಗೇ, ನಾ ಕಣ್ಣಾರೆ ನೋಡೇನಿ. ನಿನ್ನ ಅಳಿಯಾ ಒಳಗ ಕುಂತಿದ್ದ. ಗುಂಡು ಹಾರಲಿಕ್ಕ ಹತ್ತಿದ್ವು. ನಾವೆಲ್ಲಾ ಒದರಿದ್ವಿ, ‘ಮಾಬೂ, ಇಳಕೊಂಡು ಓಡಿ ಬಾರೋ’ ಅಂತ. ಅವ ಕೈ ಹಿಂಗ ಮಾಡಿದ, ಇಲ್ಲ ಅಂತ. ಬರಂಗಿಲ್ಲ, ಗಾಡಿ ಬಿಡಂಗಿಲ್ಲ ಅಂತ. ಉಸ್ತಾದ್ ಆಗಲೇ ಹಿಂದಿನ ಬಾಗಲದಿಂದ ರೊಟ್ಟಿ ಹಂಚೂ ವ್ಯಾನಿನಾಗ ಹೋಗಿಬಿಟ್ಟಿದ್ದ. ಅದು ಅವಗ ಗೊತ್ತಿರಲಿಲ್ಲ.”

“ಆಮ್ಯಾಲೆ?”

“ತೋಪು ಹೊಡದ್ರು. ಮಣ್ಣು ನಾವ ಮಾಡಿದ್ವಿ, ನಿಮ್ಮ ಮಂದಿ ನಾಕ ಜನಾ ಇದ್ರು, ನಾನೂ ಹೆಗಲು ಕೊಟ್ಟೆ.” ರಾಮಪ್ಪ ಮುಂದಿನದನ್ನು ಹೇಳಲೋ ಬೇಡವೋ ಎಂದು ನೋಡಿದ. “ಒಂದು ಮಾತು ನನಗ ಈಗಲೂ ತಿಳದಿಲ್ಲ ಜಹೀರಾ. ಅಂಥಾ ಉರಿಬಿಸಲಾಗ ಹುಡುಗನ ಮೈಮ್ಯಾಲೆ ಉಸ್ತಾದನ ಉಣ್ಣಿ ಕೋಟ್ ಇತ್ತು. ಅದನ್ನ ನೋಡೇ ಅವರು ಗಾಡಿಗೆ ಗುರಿ ಇಟ್ರಂತ.”

ಜಹೀರುದ್ದೀನ ಎದ್ದು ನಿಂತ. ಎಡಗಾಲನ್ನು ಎಳೆಯುತ್ತ ಬಸ್ಸಿನ ಕಡೆ ನಡೆದ.

ಮರಳುವ ಬಸ್ಸಿನಲ್ಲಿ ಅವನಿಗೆ ಬೇರೇನೂ ಕಾಣಲಿಲ್ಲ, ಆ ಕೋಟು ಕಂಡಿತು. ತನಗೆ ಕೊಟ್ಟಾಗ ಉಸ್ತಾದ್ ಥಂಡಿ ಎಂದಿದ್ದ. ಮಾಬುಸಾಬನಿಗೆ ಏನೆಂದನೋ. ಏನೂ ಅನ್ನುವ ಜರೂರಿ ಇರಲಿಲ್ಲ. ಆ ಹುಡುಗ ಕೋಟಿನ ಕಥೆಯನ್ನು ಬಾಯಿಪಾಠ ಮಾಡಿಕೊಂಡು ಹೋದವನು. ಉಸ್ತಾದ್ ಕೋಟು ಬಿಚ್ಚಿ ಚಾಚಿದಾಗ ಅವನ ಎದೆ ಉಬ್ಬಿರಬೇಕು. ಮಾವನಿಗೆ ಸಿಕ್ಕ ಮರ್ಯಾದೆ ಇವತ್ತು ತನಗೂ ಸಿಕ್ಕಿತು, ನವಲಗುಂದಕ್ಕೆ ಹೋದಾಗ ಹೋಟೆಲ್ಲಿನಲ್ಲಿ ತಾನೂ ಹೇಳಬಹುದು ಎಂದು ನಕ್ಕಿರಬೇಕು. ಆ ನಗು ನೆನೆದು ಜಹೀರುದ್ದೀನ ಬಸ್ಸಿನಲ್ಲಿ ಎಲ್ಲರ ಎದುರಿಗೆ ಅತ್ತ. ಉಸ್ತಾದ್ ಕೊಟ್ಟದ್ದು ಬರೀ ಕೋಟು. ಅದನ್ನು ಮರ್ಯಾದೆ ಮಾಡಿ, ಚಹಾದ ಜೊತೆ ವರ್ಷಗಟ್ಟಲೆ ಹಂಚಿದವನು ತಾನು. ಮಡಿವಾಳೆಪ್ಪ ಪ್ರತಿ ಸಲ ಕೇಳಿದ್ದನಲ್ಲ, ಥಂಡಿ ಎಲ್ಲಿಂದ ಬಂತು ಎಂದು!

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಶರೀಫಾ ನೀರು ತಂದುಕೊಟ್ಟಳು. “ಎಲ್ಲಿ ಹೋಗಿದ್ರಿ ಅಬ್ಬಾ?” ಅವನು ಹುಬ್ಬಳ್ಳಿ ಎಂದ. ಅವಳು ನೀರಿಗೆಂದು ಕೊಡ ಹಿಡಿದು ಹೊರಗೆ ಹೋದ ಮೇಲೆ ಹೆಂಡತಿಯ ಎದುರು ಕೂತು ರಾಮಪ್ಪ ಹೇಳಿದ್ದನ್ನೆಲ್ಲ ಹೇಳಿದ. ಹಲೀಮಾಬಿ ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಕಿಗೆ ನೀವ ಹೇಳತೀರೇನು?” ಎಂದು ಕೇಳಿದಳು.

“ನನ್ನ ಬಾಯಾಗ ಬರಂಗಿಲ್ಲ ಹಲೀಮಾ.”

“ಊರ ಮಂದಿಗೆ ಇಷ್ಟ ವರ್ಷ ಕಥಿ ಹೇಳಿದ ಬಾಯಿ ಅದು,” ಎಂದಳು ಹಲೀಮಾಬಿ. ಅದರಲ್ಲಿ ಸಿಟ್ಟಿತ್ತು, ಮುಚ್ಚಿಡಲಿಲ್ಲ.

ಮರುದಿನ ಬೆಳಗಿನ ರೊಟ್ಟಿಯಾದ ಮೇಲೆ ಹಲೀಮಾಬಿ ಮಗ್ಗದ ಮೇಲಿದ್ದ ನಮಾಜಿನ ಹಾಸನ್ನು ಕತ್ತರಿಸಿ ತೆಗೆದಳು. ಅದಿನ್ನೂ ಮುಗಿದಿರಲಿಲ್ಲ. ಇಬ್ಬರು ಕೂರುವ ಅಗಲಕ್ಕೆ ಮಗ್ಗಕ್ಕೆ ಹೊಸ ಹಾಸುನೂಲು ಕಟ್ಟಿದಳು. ಅಷ್ಟಾಗುವಾಗ ಮಧ್ಯಾಹ್ನವಾಯಿತು. ಫಾತಿಮಾಬಿಯ ಮಣೆಯ ಮೇಲಿನ ಧೂಳು ಒರೆಸಿದಳು. ಶರೀಫಾ ಅಂಗಳದಲ್ಲಿ ತನ್ನ ಹೊಸ ಮನೆಯ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದಳು.

“ಶರೀಫಾ, ಕೈ ತೊಳಕೊಂಡು ಬಾ ಇಲ್ಲೆ.”

ಬಂದಳು. ತಾಯಿ ಖಾಲಿ ಮಣೆ ತೋರಿಸಿದಳು.

“ಕುಂದ್ರು. ಪಂಜಾ ಹಿಡಿಯೂದು ಹ್ಯಾಂಗಂತ ತೋರಸ್ತೇನಿ.”

ಶರೀಫಾ ಮೊದಲು ನಕ್ಕಳು. ಇಷ್ಟು ವರ್ಷ ಕಾದ ಮಾತು ಅದು. “ಈಗ ಯಾಕಮ್ಮಾ? ಹೋಗೂ ಮಗಳಿಗೆ ಕಲಸಬಾರದು ಅಂತಿದ್ದಿ. ಅವರು ಬಂದ ಕೂಡಲೇ ನಾ ಅಣ್ಣಿಗೇರಿಗೆ ಹೋ...”

ಮಾತು ಅಲ್ಲಿಗೇ ನಿಂತಿತು. ತಾಯಿ ಚಾಚಿದ ಪಂಜಾ ಚಾಚಿದಂತೆಯೇ ಇತ್ತು. ಶರೀಫಾ ಅದನ್ನು ನೋಡಿದಳು, ಖಾಲಿ ಮಣೆ ನೋಡಿದಳು, ಬಾಗಿಲಲ್ಲಿ ನಿಂತ ತಂದೆಯನ್ನು ನೋಡಿದಳು. ಎರಡೂ ಕೈ ಬೆನ್ನ ಹಿಂದೆ ಒಯ್ದಳು.

“ನಾ ಕಲಿಯಂಗಿಲ್ಲ,” ಎಂದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು: “ನಾ ಕಲಿಯಂಗಿಲ್ಲ! ಎಲ್ಲಾರೂ ಪಾರಾಗಿ ಬಂದಾರ ಅಂತ ನೀವ ಹೇಳಿದ್ರಿ ಅಬ್ಬಾ! ನೀವ ಕೇಳಿ ಹೇಳಿದ್ರಿ!”

“ಹೌದವಾ, ಹಂಗ ಅಂದಾ ಅವ,” ಎಂದ ಜಹೀರುದ್ದೀನ. ಉಸ್ತಾದನನ್ನು ಅವನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. “ಆ ಎಲ್ಲಾರ್ ಒಳಗ ನಾವು ಇಲ್ಲವಾ. ನಾ ಇರಲಿಲ್ಲ, ಮಾಬೂನೂ ಇರಲಿಲ್ಲ. ಗಾಡಿ ಬಿಟ್ಟು ಇಳೀಬ್ಯಾಡ ಅಂತ ಬಸ್‌ಸ್ಟ್ಯಾಂಡಿನಾಗ ನಾ ಹೇಳಿದ್ದೆ. ಅವ ಇಳೀಲಿಲ್ಲ.”

ಶರೀಫಾ ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಗುದ್ದಿ ಗುದ್ದಿ ಅವಳು ದಣಿದಾಗ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಮುಂದೆ ನಿಂತಿದ್ದ ಫಾತಿಮಾಬಿ ತನ್ನ ಹಳೆಯ ಮಣೆಯ ಕಡೆ ಪೊರೆ ಬಂದ ಕಣ್ಣು ತಿರುಗಿಸಿ, ಏನೂ ಕಾಣದೆಯೂ ಎಲ್ಲ ತಿಳಿದು, ಬಾಯಿಗೆ ಸೆರಗು ಒತ್ತಿಕೊಂಡಳು.

ಹಲೀಮಾಬಿ ಮಗಳ ರಟ್ಟೆ ಹಿಡಿದು ಮಣೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಒಂದು ಕಾಲಕ್ಕೆ ತಾನೇ ಬಾರಿಸಿದ್ದ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಪಂಜಾದ ಹಿಡಿಯ ಮೇಲೆ ಕೂರಿಸಿದಳು.